ಪ್ರಭಾವವೋ ಆಯ್ಕೆಯೋ: ಚೀನಾ ಮತ್ತು ಜಪಾನುಗಳ ಸಾಂಪ್ರದಾಯಿಕ ಚಿತ್ರಕಲೆಯ ತೌಲನಿಕ ವಿವೇಚನೆ

1

ಎರಡು ಸಂಸ್ಕೃತಿಗಳ ನಡುವಣ ಸಂಬಂಧವನ್ನು ಕೊಟ್ಟವರು ಯಾರು, ಪಡೆದವರು ಯಾರು ಎಂಬ ಲೆಕ್ಕದಲ್ಲಿ ಮುಗಿಸಿಬಿಡುವುದು ತೌಲನಿಕ ಅಧ್ಯಯನದ ಹಳೆಯ ಅಭ್ಯಾಸ. ಚೀನಾ ಮತ್ತು ಜಪಾನುಗಳ ಸಾಂಪ್ರದಾಯಿಕ ಚಿತ್ರಕಲೆಯ ವಿಷಯದಲ್ಲಿ ಈ ಲೆಕ್ಕ ಬಹು ಸುಲಭವೆಂಬಂತೆ ತೋರುತ್ತದೆ. ಕುಂಚ, ಮಸಿ, ಕಾಗದ, ರೇಷ್ಮೆ, ಲಿಪಿ, ಸುರುಳಿಚಿತ್ರ, ಬೌದ್ಧಪ್ರತಿಮೆ, ಬೆಟ್ಟ-ನೀರುಗಳ ದೃಶ್ಯಚಿತ್ರ ಇವೆಲ್ಲವೂ ಚೀನಾದಿಂದ, ಅನೇಕ ವೇಳೆ ಕೊರಿಯಾದ ಮೂಲಕ, ಜಪಾನಿಗೆ ಬಂದವು. ಇದರಿಂದ ಎರಡು ಬಗೆಯ ತೀರ್ಮಾನಗಳು ಹುಟ್ಟಿಕೊಂಡಿವೆ. ಜಪಾನಿನ ಚಿತ್ರಕಲೆ ಚೀನಿ ಕಾಂಡದಿಂದ ಒಡೆದ ಒಂದು ಕೊಂಬೆ ಮಾತ್ರ ಎಂಬುದು ಮೊದಲನೆಯದು. ಪಡೆದುದೇನೇ ಇರಲಿ, ಜಪಾನು ತನ್ನ ಜನಸ್ವಭಾವದ ಬಲದಿಂದ ಅದನ್ನು ಸಂಪೂರ್ಣ ಬೇರೆಯಾಗಿಸಿತು ಎಂಬುದು ಎರಡನೆಯದು. ಒಂದು ತೀರ್ಮಾನ ಮೂಲವನ್ನು ದೊಡ್ಡದು ಮಾಡಿದರೆ ಮತ್ತೊಂದು ರಾಷ್ಟ್ರವನ್ನು ದೊಡ್ಡದು ಮಾಡುತ್ತದೆ. ಎರಡೂ ಕಡೆ ಚಿತ್ರಗಳು ಹಿಂದೆ ಸರಿದುಬಿಡುತ್ತವೆ.

ಯಾವ ಚಿತ್ರವನ್ನು ಯಾರು ಆರಿಸಿಕೊಂಡರು, ಅದನ್ನು ಎಲ್ಲಿ ಇಟ್ಟು ಹೇಗೆ ನೋಡಿದರು ಎಂಬ ಪ್ರಶ್ನೆಯನ್ನು ಪ್ರಭಾವದ ಪ್ರಶ್ನೆಗಿಂತ ಮುಂದೆ ಇಟ್ಟುಕೊಂಡರೆ ಈ ಎರಡು ಪರಂಪರೆಗಳ ನಿಜವಾದ ಅಂತರ ಗೋಚರಿಸುತ್ತದೆ ಎಂಬುದು ಪ್ರಸ್ತುತ ಲೇಖನದ ವಾದ. ಜಪಾನಿಯರು ತಮ್ಮ ಚಿತ್ರಗಳನ್ನು 'ಕಾರಾ-ಎ' ಎಂದೂ 'ಯಾಮಾತೊ-ಎ' ಎಂದೂ, ಅಂದರೆ ಚೀನಿ ರೀತಿಯ ಚಿತ್ರ ಮತ್ತು ಸ್ವದೇಶದ ಚಿತ್ರ ಎಂದು, ಬಹು ಹಿಂದೆಯೇ ವಿಭಾಗಿಸಿಕೊಂಡಿದ್ದರು. ಕನ್ನಡ ಕಾವ್ಯಮೀಮಾಂಸೆಯ ಅಭ್ಯಾಸಿಗಳಿಗೆ ಇಲ್ಲಿ ಮಾರ್ಗ-ದೇಸಿ ಎಂಬ ಜೋಡಿ ನೆನಪಾಗುವುದು ಸಹಜ. ಆ ಹೋಲಿಕೆ ಎಷ್ಟರಮಟ್ಟಿಗೆ ಸಲ್ಲುತ್ತದೆಂಬುದನ್ನು ಲೇಖನದ ಕೊನೆಯಲ್ಲಿ ಪರಿಶೀಲಿಸಬಹುದು.

2

ಮೊದಲು ಚೀನಿ ಪರಂಪರೆಯ ಒಂದು ಮುಖ್ಯ ಲಕ್ಷಣವನ್ನು ಗುರುತಿಸಬೇಕು. ತೈಪೆಯ ರಾಷ್ಟ್ರೀಯ ಅರಮನೆ ವಸ್ತುಸಂಗ್ರಹಾಲಯದಲ್ಲಿರುವ ಫಾನ್ ಕುವಾನನ 'ಬೆಟ್ಟ-ತೊರೆಗಳ ನಡುವಣ ಪಯಣಿಗರು' ಹನ್ನೊಂದನೆಯ ಶತಮಾನದ ಆರಂಭದ ಕೃತಿ. ಎರಡು ಮೀಟರಿಗೂ ಮಿಕ್ಕ ಎತ್ತರದ ಈ ರೇಷ್ಮೆಯ ಪಟದ ಬಹುಭಾಗವನ್ನು ಒಂದೇ ಬೆಟ್ಟ ಆವರಿಸಿದೆ. ಅದರ ಬುಡದಲ್ಲಿ, ಹುಡುಕಿದರೆ ಮಾತ್ರ ಕಾಣುವಷ್ಟು ಚಿಕ್ಕದಾಗಿ, ಹೇರು ಹೊತ್ತ ಪ್ರಾಣಿಗಳೂ ಅವನ್ನು ನಡೆಸುವ ಇಬ್ಬರು ಮನುಷ್ಯರೂ ಇದ್ದಾರೆ. 1072ರಲ್ಲಿ 'ವಸಂತಾರಂಭ'ವನ್ನು ಬರೆದ ಗುವೊ ಶಿ ಬೆಟ್ಟವನ್ನು ನೋಡುವ ಮೂರು ದೂರಗಳನ್ನು ವಿವರಿಸಿದ್ದಾನೆ: ಕೆಳಗಿನಿಂದ ಶಿಖರದತ್ತ ನೋಡುವ ಎತ್ತರದ ದೂರ, ಮುಂದಿನ ಬೆಟ್ಟದಿಂದ ಹಿಂದಿನದನ್ನು ಇಣುಕುವ ಆಳದ ದೂರ, ಹತ್ತಿರದ ಬೆಟ್ಟದಿಂದ ದೂರದ ಬೆಟ್ಟದವರೆಗೆ ಹರಡುವ ಸಮತಲದ ದೂರ. ಒಳ್ಳೆಯ ದೃಶ್ಯಚಿತ್ರ ನಡೆಯಲು ಮತ್ತು ನೋಡಲು ತಕ್ಕದ್ದಾಗಿದ್ದರೆ ಸಾಲದು, ಅಲೆಯಲು ಮತ್ತು ವಾಸಿಸಲು ಕೂಡ ತಕ್ಕದ್ದಾಗಿರಬೇಕು ಎಂಬುದು ಅವನ ಮತ. ಇಲ್ಲಿ ನೋಟಕ ಚಿತ್ರವನ್ನು ಪ್ರವೇಶಿಸುತ್ತಾನೆ.

ಮುಂದಿನ ಶತಮಾನಗಳಲ್ಲಿ ವಿದ್ವಾಂಸ-ಅಧಿಕಾರಿಗಳ ವರ್ಗ ಚಿತ್ರಕಲೆಯನ್ನು ಕೈಗೆತ್ತಿಕೊಂಡಾಗ ಈ ಪ್ರವೇಶಕ್ಕೆ ಮತ್ತೊಂದು ಅರ್ಥ ಸೇರಿತು. ಚಿತ್ರವು ಬರಹವಾಯಿತು. ನಿ ಝಾನ್ 1372ರಲ್ಲಿ ಬರೆದ 'ರೊಂಗ್‌ಶಿ ಕುಟೀರ' ಇದಕ್ಕೆ ಸ್ಪಷ್ಟ ನಿದರ್ಶನ. ಮುಂದೆ ಕೆಲವು ತೆಳುಮರಗಳು, ಒಂದು ಬರಿದಾದ ಚಾವಡಿ, ನಡುವೆ ಏನನ್ನೂ ಬರೆಯದ ನೀರು, ಆಚೆ ತಗ್ಗಾದ ಬೆಟ್ಟಸಾಲು. ಮನುಷ್ಯರಿಲ್ಲ. ಎರಡು ವರ್ಷಗಳ ಅನಂತರ, 1374ರಲ್ಲಿ, ಚಿತ್ರವನ್ನು ಪಡೆದಿದ್ದ ಮಿತ್ರ ಅದನ್ನು ಮತ್ತೆ ತಂದು, ವೈದ್ಯನೊಬ್ಬನಿಗೆ ಕೊಡಲು ಅದರ ಮೇಲೆ ಬರಹವೊಂದನ್ನು ಸೇರಿಸಬೇಕೆಂದು ಕೇಳಿದ. ಚಿತ್ರಕ್ಕೆ ಇಂದಿರುವ ಹೆಸರು ಆ ವೈದ್ಯನ ಮನೆಯದು. ಬರೆದವನು, ಪಡೆದವನು, ಮುಂದೆ ಪಡೆಯಲಿರುವವನು ಎಲ್ಲರೂ ಅಕ್ಷರಗಳ ಮೂಲಕ ಈ ಹಾಳೆಯಲ್ಲಿ ನೆಲೆಸಿದ್ದಾರೆ. ಚೀನಿ ಸಂಗ್ರಾಹಕರು ತಮ್ಮ ಮುದ್ರೆಗಳನ್ನೂ ಪ್ರಶಂಸಾವಾಕ್ಯಗಳನ್ನೂ ಕವಿತೆಗಳನ್ನೂ ಚಿತ್ರದ ಮೇಲೆಯೇ ಸೇರಿಸುತ್ತಿದ್ದುದನ್ನು ನಾವು ಅತಿಕ್ರಮಣವೆಂದು ಭಾವಿಸಬೇಕಿಲ್ಲ. ಮೂಲಗ್ರಂಥ, ಅದಕ್ಕೆ ವ್ಯಾಖ್ಯಾನ, ವ್ಯಾಖ್ಯಾನಕ್ಕೆ ಟೀಕೆ ಎಂಬ ಕ್ರಮವನ್ನು ಬಲ್ಲ ನಮಗೆ ಇದು ಅಪರಿಚಿತವಾಗಿ ತೋರಬಾರದು.

3

ಇದೇ ಸುರುಳಿಚಿತ್ರ ಜಪಾನಿನಲ್ಲಿ ಹೇಗೆ ವರ್ತಿಸುತ್ತದೆಂಬುದನ್ನು ಈಗ ನೋಡೋಣ. ಹನ್ನೆರಡನೆಯ ಶತಮಾನದ ಎರಡು ಕೃತಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟುಕೊಳ್ಳಬಹುದು. ಬೀಜಿಂಗಿನ ಅರಮನೆ ವಸ್ತುಸಂಗ್ರಹಾಲಯದಲ್ಲಿರುವ, ಝಾಂಗ್ ಝೆದುವಾನನ ಹೆಸರಿನ 'ಛಿಂಗ್‌ಮಿಂಗ್ ಕಾಲದ ನದೀತೀರ' ಸುಮಾರು 25 ಸೆಂ.ಮೀ. ಎತ್ತರ, ಐದು ಮೀಟರಿಗೂ ಹೆಚ್ಚು ಉದ್ದದ ಸುರುಳಿ. ಬಲದಿಂದ ಎಡಕ್ಕೆ ಬಿಚ್ಚುತ್ತ ಹೋದಂತೆ ಹೊಲಗಳು, ದೋಣಿಗಳು, ಕಮಾನು ಸೇತುವೆ, ನಗರದ ಬಾಗಿಲು, ಅಂಗಡಿ ಬೀದಿಗಳು ಒಂದರ ಹಿಂದೊಂದು ತೆರೆದುಕೊಳ್ಳುತ್ತವೆ. ನೋಟಕನ ಕಣ್ಣು ಪಯಣಿಗನ ಕಣ್ಣು.

'ಗೆಂಜಿ ಮೊನೊಗತಾರಿ'ಯ ಚಿತ್ರಸುರುಳಿಯ ಉಳಿದಿರುವ ಭಾಗಗಳು ಮುಖ್ಯವಾಗಿ ನಗೋಯಾದ ತೊಕುಗಾವಾ ಮತ್ತು ಟೋಕಿಯೋದ ಗೊತೊ ವಸ್ತುಸಂಗ್ರಹಾಲಯಗಳಲ್ಲಿವೆ. ಇಲ್ಲಿ ಕಥಾಭಾಗದ ಬರಹ ಒಂದಿಷ್ಟು, ಬಳಿಕ ಒಂದು ಚಿತ್ರ, ಮತ್ತೆ ಬರಹ. ಚಿತ್ರದಲ್ಲಿ ಪಯಣವಿಲ್ಲ. ಮನೆಯ ಮಾಡನ್ನು ತೆಗೆದುಹಾಕಿ ಮೇಲಿನಿಂದ ಒಳಕೋಣೆಯನ್ನು ತೋರಿಸಲಾಗಿದೆ. ಮುಖಗಳಲ್ಲಿ ಕಣ್ಣಿಗೊಂದು ಗೆರೆ, ಮೂಗಿಗೊಂದು ಕೊಕ್ಕೆ, ಅಷ್ಟೆ. ಭಾವವೆಲ್ಲವೂ ಕಂಬ, ಪರದೆ, ಜಗಲಿಯಂಚುಗಳ ಓರೆಗೆರೆಗಳಲ್ಲಿ, ಬಟ್ಟೆಯ ಬಣ್ಣಗಳಲ್ಲಿ, ಅಂಗಳದ ಶರತ್ಕಾಲದ ಹುಲ್ಲಿನಲ್ಲಿ ಹಂಚಿಹೋಗಿದೆ. ಸುರುಳಿ ಎಂಬ ರೂಪ ಒಂದೇ ಆದರೂ ಒಂದು ಕಡೆ ಅದು ದಾರಿ, ಇನ್ನೊಂದು ಕಡೆ ಕೋಣೆ.

ಇದನ್ನು ನಿಯಮವೆಂದು ಹೇಳಲಾಗದು. ಅದೇ ಶತಮಾನದ ಜಪಾನಿನ 'ಶಿಗಿಸಾನ್ ಎಂಗಿ'ಯಂಥ ಸುರುಳಿಗಳಲ್ಲಿ ಅಖಂಡವಾಗಿ ಓಡುವ ಕಥನವಿದೆ. ಚೀನಾದಲ್ಲಿಯೂ ಒಳಾಂಗಣದ ಸೂಕ್ಷ್ಮಚಿತ್ರಗಳಿವೆ. ಆದರೂ ಕೋಣೆ ಮತ್ತು ಋತು ಎಂಬ ಎರಡು ಅಂಶಗಳು ಜಪಾನಿನ ಚಿತ್ರದ ಬದುಕನ್ನು ಮುಂದೆಯೂ ರೂಪಿಸುತ್ತ ಹೋದವು. ಮಡಿಸುವ ತೆರೆಗಳು, ಜಾರುಬಾಗಿಲುಗಳು, ಅತಿಥಿಗೃಹದ ಗೋಡೆಗೂಡಾದ 'ತೋಕೊನೋಮಾ' ಇವೇ ಅಲ್ಲಿ ಚಿತ್ರದ ಮುಖ್ಯ ನೆಲೆಗಳಾದವು.

4

ಶೂನ್ಯಾವಕಾಶದ ಬಗೆಗಿನ ಪ್ರಸಿದ್ಧ ಸಾಮಾನ್ಯೀಕರಣವನ್ನು ಇಲ್ಲಿಯೇ ಪರೀಕ್ಷಿಸುವುದು ಒಳ್ಳೆಯದು. ಚೀನಿ ಚಿತ್ರ ತುಂಬಿರುತ್ತದೆ, ಜಪಾನಿ ಚಿತ್ರ ಬರಿದಾಗಿರುತ್ತದೆ. ಬರಿದನ್ನು ಬಳಸುವುದು ಜಪಾನಿನ ಪ್ರತಿಭೆ ಎಂಬ ಮಾತನ್ನು ನಾವು ಅನೇಕ ಬರಹಗಳಲ್ಲಿ ಕಾಣುತ್ತೇವೆ. ದಕ್ಷಿಣ ಸೊಂಗ್ ಕಾಲದ ಆಸ್ಥಾನ ಚಿತ್ರಕಾರ ಮಾ ಯುವಾನ್ ಒಂದು ಮೂಲೆಯಲ್ಲಿ ಮಾತ್ರ ಬರೆದು ಉಳಿದುದನ್ನು ಮಂಜಿಗೆ ಬಿಡುತ್ತಿದ್ದ. ಅದಕ್ಕಾಗಿಯೇ ಚೀನಿಯರು ಅವನನ್ನು 'ಮೂಲೆಯ ಮಾ' ಎಂದು ಕರೆದರು. ಇತ್ತ ಹದಿನಾರನೆಯ ಶತಮಾನದ ಕಾನೊ ಎಯ್‌ತೊಕುವಿನದೆಂದು ಹೇಳಲಾಗುವ ಸೈಪ್ರೆಸ್ ಮರದ ತೆರೆಯಲ್ಲಿ ಒಂದೇ ಬೊಡ್ಡೆ ಸ್ವರ್ಣರೇಕಿನ ಹಿನ್ನೆಲೆಯ ಮೇಲೆ ಕೊಂಬೆಗಳನ್ನು ಚಾಚಿ ಇಡೀ ಅಗಲವನ್ನು ಆಕ್ರಮಿಸಿಕೊಂಡಿದೆ. ಅಂದಮೇಲೆ ಬರಿದು ಚೀನಿಯೂ ಹೌದು, ತುಂಬು ಜಪಾನಿಯೂ ಹೌದು.

ಹಾಗಾದರೆ ಬರಿದಿಗೂ ಜಪಾನಿಗೂ ಇಷ್ಟು ಗಾಢವಾದ ನಂಟು ಕಲ್ಪಿತವಾದದ್ದು ಹೇಗೆ? ಉತ್ತರದ ಒಂದು ಭಾಗ ಸಂಗ್ರಹಗಳ ಇತಿಹಾಸದಲ್ಲಿದೆ. ಹದಿಮೂರು ಹದಿನಾಲ್ಕನೆಯ ಶತಮಾನಗಳಲ್ಲಿ ಝೆನ್ ಸಂನ್ಯಾಸಿಗಳೂ ವ್ಯಾಪಾರಿಗಳೂ ಜಪಾನಿಗೆ ಕೊಂಡೊಯ್ದ ಚೀನಿ ಚಿತ್ರಗಳಲ್ಲಿ ಆಸ್ಥಾನದ ಮಾ ಯುವಾನ್, ಶಿಯಾ ಗುಯ್ ಅವರ ರೀತಿಯವೂ ಮಠಗಳ ಮಸಿಚಿತ್ರಗಳೂ ಮುಖ್ಯವಾಗಿದ್ದವು. ಚೀನಾದಲ್ಲಿ ವಿದ್ವಜ್ಜನರ ಅಭಿರುಚಿ ಬೇರೆ ದಿಕ್ಕು ಹಿಡಿಯಿತು. ದೊಂಗ್ ಛಿಚಾಂಗ್ (1555-1636) ಚಿತ್ರಕಲೆಯನ್ನು ದಕ್ಷಿಣ ಮತ್ತು ಉತ್ತರ ಶಾಖೆಗಳೆಂದು ವಿಂಗಡಿಸಿ, ಮಾ ಮತ್ತು ಶಿಯಾರನ್ನು ಕೆಳಮಟ್ಟದ ಉತ್ತರ ಶಾಖೆಗೆ ಸೇರಿಸಿದ. ಜಪಾನು ಯಾರಲ್ಲಿ ಚೀನಾವನ್ನು ಕಂಡಿತೋ ಅವರನ್ನು ಚೀನಾದ ಪ್ರಧಾನಧಾರೆ ಹಿಂದಕ್ಕೆ ಸರಿಸಿತು. ಆದ್ದರಿಂದ 'ಚೀನಾದ ಪ್ರಭಾವ' ಎಂಬ ಏಕವಚನದ ಪ್ರಯೋಗ ಸಲ್ಲದು. ಯಾವ ಚೀನಾ ಎಂದು ಕೇಳಲೇಬೇಕಾಗುತ್ತದೆ.

5

ಈ ಪ್ರಶ್ನೆಯ ಅತ್ಯಂತ ತೀಕ್ಷ್ಣವಾದ ನಿದರ್ಶನ ಮು ಛಿ. ಹದಿಮೂರನೆಯ ಶತಮಾನದಲ್ಲಿ ಹಾಂಗ್‌ಝೌ ಪರಿಸರದ ಮಠದಲ್ಲಿದ್ದ ಈ ಸಂನ್ಯಾಸಿ ಚಿತ್ರಕಾರನ ಬಗ್ಗೆ ಯುವಾನ್ ಕಾಲದ ಚೀನಿ ಬರಹಗಾರರು ಕಠಿಣವಾಗಿ ಬರೆದರು. ಝುವಾಂಗ್ ಸು ಆತನ ಚಿತ್ರಗಳನ್ನು ಮಠದ ಕೊಠಡಿಗಳಿಗೆ ಮಾತ್ರ ತಕ್ಕವೆಂದು ಬದಿಗಿಟ್ಟ. 1365ರಲ್ಲಿ ಶಿಯಾ ವೆನ್‌ಯಾನ್ ಅವುಗಳಲ್ಲಿ ಒರಟುತನವನ್ನೂ ಪ್ರಾಚೀನ ಪದ್ಧತಿಯ ಅಭಾವವನ್ನೂ ಕಂಡ. ಅದೇ ಕಾಲಕ್ಕೆ ಜಪಾನಿನಲ್ಲಿ ಆತ ಪೂಜ್ಯನಾಗಿದ್ದ. ಆಶಿಕಾಗಾ ಶೋಗನ್ನರ ಸಂಗ್ರಹದ ಪಟ್ಟಿಯಲ್ಲಿ ಬೇರೆಲ್ಲ ಚೀನಿ ಚಿತ್ರಕಾರರಿಗಿಂತ ಹೆಚ್ಚು ಕೃತಿಗಳು ಅವನ ಹೆಸರಿನಲ್ಲಿವೆ. ಕ್ಯೋಟೋದ ದೈತೊಕು-ಜಿ ದೇವಾಲಯದಲ್ಲಿರುವ ಗುವಾನ್‌ಯಿನ್, ಕೊಕ್ಕರೆ ಮತ್ತು ಮರಿಯೊಡನಿರುವ ಕಪಿಯ ಮೂರು ಪಟಗಳೂ, ಅಲ್ಲಿಯೇ ಉಳಿದುಬಂದಿರುವ 'ಆರು ಪರ್ಸಿಮನ್ ಹಣ್ಣುಗಳು' ಎಂಬ ಕಿರುಚಿತ್ರವೂ ಇಂದು ಲೋಕಪ್ರಸಿದ್ಧ. ಜಪಾನಿನ ಆಯ್ಕೆ ಇಲ್ಲದಿದ್ದರೆ ಮು ಛಿಯ ಸಾಧನೆಯನ್ನು ಅಳೆಯಲು ನಮ್ಮ ಮುಂದೆ ಇಂದು ಉಳಿಯುತ್ತಿದ್ದುದು ಅತ್ಯಲ್ಪ. ಇಲ್ಲಿ ಋಣ ಯಾರದು? ಮೂಲವೇ ಸ್ವೀಕಾರಕ್ಕೆ ಋಣಿಯಾಗಿರುವ ಸಂದರ್ಭವಿದು.

ಆದರೆ ಈ ಸ್ವೀಕಾರ ನಿರ್ಲಿಪ್ತ ಸಂರಕ್ಷಣೆಯಾಗಿರಲಿಲ್ಲ. ಶಿಯಾವೊ ಮತ್ತು ಶಿಯಾಂಗ್ ನದಿಗಳ ಎಂಟು ನೋಟಗಳನ್ನು ಮು ಛಿ ಬರೆದನೆನ್ನಲಾದ ಉದ್ದನೆಯ ಸುರುಳಿಯೊಂದು ಶೋಗನ್ ಆಶಿಕಾಗಾ ಯೋಶಿಮಿತ್ಸುವಿನ ಸಂಗ್ರಹಕ್ಕೆ ಬಂದಿತು. ಅದನ್ನು ಕತ್ತರಿಸಿ, ಒಂದೊಂದು ನೋಟವನ್ನೂ ಪ್ರತ್ಯೇಕ ತೂಗುಪಟವನ್ನಾಗಿ ಮಾಡಲಾಯಿತು. ತುಣುಕುಗಳ ಮೇಲೆ ಅವನ ಮುದ್ರೆ ಇಂದಿಗೂ ಇದೆ. ಉಳಿದುಬಂದ ಭಾಗಗಳು ಈಗ ಕ್ಯೋಟೋ ರಾಷ್ಟ್ರೀಯ ವಸ್ತುಸಂಗ್ರಹಾಲಯ, ಟೋಕಿಯೋದ ನೆಜು ವಸ್ತುಸಂಗ್ರಹಾಲಯ ಮೊದಲಾದ ಕಡೆ ಚದುರಿವೆ. ಕೈಯಲ್ಲಿ ಹಿಡಿದು ನಿಧಾನವಾಗಿ ಬಿಚ್ಚುತ್ತ ಓದಬೇಕಾದ ಚಿತ್ರವನ್ನು ಅತಿಥಿಗಳ ಕೋಣೆಯಲ್ಲಿ ತೂಗುಹಾಕಿ ಕುಳಿತು ನೋಡುವಂತೆ ಮಾಡಿದ ಕತ್ತರಿ ಅದು. ಚೀನಿ ಸಂಗ್ರಾಹಕ ಚಿತ್ರಕ್ಕೆ ಅಕ್ಷರವನ್ನು ಸೇರಿಸಿದ. ಜಪಾನಿನ ಸಂಗ್ರಾಹಕ ಚಿತ್ರಕ್ಕೆ ಕೋಣೆಯನ್ನು ಕಲ್ಪಿಸಿದ. ಎರಡೂ ವಿಮರ್ಶೆಯ ಕ್ರಿಯೆಗಳೇ. ಕತ್ತರಿಸಿದ್ದರಿಂದ ಪಯಣದ ಅಖಂಡತೆ ನಾಶವಾಯಿತೆಂಬುದನ್ನು ಮರೆಮಾಚುವ ಅಗತ್ಯವಿಲ್ಲ. ಸೃಷ್ಟಿಶೀಲ ಸ್ವೀಕಾರಕ್ಕೆ ಬೆಲೆ ತೆರಬೇಕಾಗುತ್ತದೆ, ಆ ಬೆಲೆಯನ್ನು ತೆರುವುದು ಮೂಲಕೃತಿ.

6

ಈ ಸ್ವೀಕಾರದ ಫಲವೆಂದು ಹಾಸೆಗಾವಾ ತೋಹಾಕುವಿನ (1539-1610) 'ಪೈನ್ ತೋಪು' ತೆರೆಗಳನ್ನು ಪರಿಗಣಿಸಬಹುದು. ಟೋಕಿಯೋ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿರುವ ಈ ಜೋಡಿತೆರೆಗಳಲ್ಲಿ ತಲಾ ಆರು ಮಡಿಕೆಗಳು. ಒಂದೊಂದೂ ಸುಮಾರು ಒಂದೂವರೆ ಮೀಟರ್ ಎತ್ತರ, ಮೂರೂವರೆ ಮೀಟರ್ ಅಗಲ. ತೋಹಾಕು ದೈತೊಕು-ಜಿಯಲ್ಲಿದ್ದ ಮು ಛಿಯ ಪಟಗಳನ್ನು ಬಲ್ಲವನಾಗಿದ್ದ. ಆತನ ಮಾತುಗಳನ್ನು ಸಂನ್ಯಾಸಿ ಮಿತ್ರ ನಿತ್ಸು ದಾಖಲಿಸಿಟ್ಟಿರುವ 'ತೋಹಾಕು ಗಸೆತ್ಸು'ವಿನಲ್ಲಿ ಮು ಛಿಯ ಬಗೆಗಿನ ಗೌರವ ವ್ಯಕ್ತವಾಗಿದೆ. ಮ್ಯೋಶಿನ್-ಜಿಯ ಒಂದು ಉಪಮಠದಲ್ಲಿರುವ ಅವನ ಕಪಿಗಳ ಚಿತ್ರ ಮು ಛಿಯ ಕಪಿಯನ್ನು ನೇರವಾಗಿ ನೆನಪಿಸುತ್ತದೆ. ಆದರೆ 'ಪೈನ್ ತೋಪಿ'ನಲ್ಲಿ ಮು ಛಿಯ ಯಾವ ವಸ್ತುವೂ ಇಲ್ಲ. ಗುವಾನ್‌ಯಿನ್ ಇಲ್ಲ, ಕೊಕ್ಕರೆಯಿಲ್ಲ. ಇರುವುದು ಮಂಜಿನಲ್ಲಿ ಕಂಡು ಮರೆಯಾಗುವ ಮರಗಳು, ದೂರದಲ್ಲಿ ಹಿಮದ ಬೆಟ್ಟವೊಂದರ ಸುಳಿವು.

ಮು ಛಿಯ ಪಟದಲ್ಲಿ ರೇಷ್ಮೆಯ ಮೇಲೆ ಮಸಿಯ ಛಾಯೆಗಳು ಒಂದರೊಳಗೊಂದು ಕರಗಿ ತೇವವಾದ ಗಾಳಿಯೊಂದನ್ನು ಸೃಷ್ಟಿಸುತ್ತವೆ. ಆಕೃತಿ ಆ ಗಾಳಿಯಲ್ಲಿ ಸುರಕ್ಷಿತವಾಗಿ ಕುಳಿತಿದೆ. ತೋಹಾಕುವಿನ ತೆರೆಯ ಹತ್ತಿರ ಹೋದರೆ ಕಾಣುವುದು ಬಿರುಸಾಗಿ ಎಳೆದ, ಹುಲ್ಲುಕಡ್ಡಿಗಳಂತೆ ಚೆಲ್ಲಿದ ಗೆರೆಗಳು ಮಾತ್ರ. ಹಿಂದೆ ಸರಿದಾಗ ಅವೇ ಗೆರೆಗಳು ಮರವಾಗಿ, ಮಂಜಾಗಿ ಮಾರ್ಪಡುತ್ತವೆ. ಬೇರುಗಳಿಗೆ ನೆಲವನ್ನು ಬರೆದಿಲ್ಲ. ಮಡಿಕೆ ಹಾಕಿ ನಿಲ್ಲಿಸಿದ ತೆರೆಯಲ್ಲಿ ಕೆಲವು ಮರಗಳು ಕೋಣೆಯೊಳಕ್ಕೆ ಬರುತ್ತವೆ, ಕೆಲವು ಹಿಂದಕ್ಕೆ ಹೋಗುತ್ತವೆ. ಫಾನ್ ಕುವಾನನಲ್ಲಿ ನೋಟಕ ಚಿತ್ರದೊಳಕ್ಕೆ ಹೋಗಿದ್ದ. ಇಲ್ಲಿ ಚಿತ್ರವೇ ನೋಟಕನಿದ್ದ ಕೋಣೆಗೆ ಬಂದಿದೆ. ಕಾಗದದ ಜೋಡಣೆಯನ್ನು ಗಮನಿಸಿ ಇದು ಮೊದಲು ಬೇರೊಂದು ಕೃತಿಯ ಕರಡಾಗಿದ್ದಿರಬಹುದೆಂದು ಊಹಿಸುವ ವಿದ್ವಾಂಸರಿದ್ದಾರೆ. ಹಾಗಿದ್ದರೂ ಶತಮಾನಗಳಿಂದ ಅದು ತೆರೆಯಾಗಿಯೇ ಬದುಕಿದೆ. ಮು ಛಿಯಿಂದ ತೋಹಾಕು ಕಲಿತದ್ದು ಮಸಿಯ ನಡವಳಿಕೆಯನ್ನು. ಅದನ್ನು ಎಲ್ಲಿ ನಿಲ್ಲಿಸಬೇಕೆಂಬ ತಿಳಿವು ಅವನ ಸ್ವಂತದ್ದು.

7

ಮೂಲದೆಡೆಗೆ ಸ್ವತಃ ಹೋದವನ ಅನುಭವವೇನು? ಝೆನ್ ಸಂನ್ಯಾಸಿಯಾಗಿದ್ದ ಸೆಷ್ಷು 1467ರಲ್ಲಿ ಮಿಂಗ್ ಚೀನಾಕ್ಕೆ ಹೋಗಿ 1469ರಲ್ಲಿ ಹಿಂದಿರುಗಿದ. 1495ರಲ್ಲಿ ಶಿಷ್ಯ ಸೋಎನ್‌ನಿಗಾಗಿ ಬರೆದುಕೊಟ್ಟ ಪ್ರಸಿದ್ಧ ಮಸಿ ದೃಶ್ಯಚಿತ್ರದ ಮೇಲಿನ ಬರಹದಲ್ಲಿ ಆತ ಆ ಪ್ರಯಾಣವನ್ನು ಸ್ಮರಿಸಿದ್ದಾನೆ. ಗುರುವನ್ನು ಅರಸಿ ಹೋದ ತನಗೆ ಅಲ್ಲಿ ಉತ್ತಮರು ವಿರಳವಾಗಿ ಕಂಡರೆಂದೂ, ಇಬ್ಬರಿಂದ ಬಣ್ಣ ಹಾಕುವ, ಮಸಿ ಚೆಲ್ಲುವ ಕ್ರಮಗಳನ್ನು ಕಲಿತೆನೆಂದೂ, ಹಿಂದಿರುಗಿದ ಮೇಲೆ ಜಪಾನಿನ ಪೂರ್ವಸೂರಿಗಳಾದ ಜೋಸೆತ್ಸು ಮತ್ತು ಶೂಬುನರ ಹಿರಿಮೆ ಮನವರಿಕೆಯಾಯಿತೆಂದೂ ಹೇಳಿಕೊಂಡಿದ್ದಾನೆ. ಇದನ್ನು ಸ್ವದೇಶಾಭಿಮಾನದ ಘೋಷಣೆಯೆಂದು ಓದುವುದುಂಟು. ಆ ಓದು ಸಮರ್ಪಕವಲ್ಲ. ಸೆಷ್ಷು ಮೂಲವನ್ನು ತಿರಸ್ಕರಿಸಿಲ್ಲ. 1486ರ ಅವನ ಹದಿನೈದು ಮೀಟರಿಗೂ ಮಿಕ್ಕ ಉದ್ದದ ಸುರುಳಿ ಶಿಯಾ ಗುಯ್‌ನ ರೀತಿಗೆ ಎಷ್ಟು ಋಣಿಯೆಂಬುದು ಅದರ ಬಂಡೆಗಳ ಒಂದೊಂದು ಗೆರೆಯಲ್ಲೂ ಕಾಣುತ್ತದೆ. ಮೂಲವನ್ನು ಕಂಡುಬಂದ ಮೇಲೆಯೇ ತನ್ನ ಪೂರ್ವಸೂರಿಗಳು ಮಾಡಿದ್ದೇನೆಂಬುದು ತಿಳಿಯಿತು ಎಂಬುದು ಅವನ ಮಾತಿನ ತಿರುಳು. ತೌಲನಿಕ ಅಧ್ಯಯನದ ಪ್ರಯೋಜನವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಕಷ್ಟ.

ಹದಿನೆಂಟನೆಯ ಶತಮಾನದಲ್ಲಿ ಇದು ವಿಲೋಮವಾಗಿ ನಡೆಯಿತು. ಇಕೆ ತೈಗಾ (1723-76), ಯೋಸಾ ಬುಸೊನ್ (1716-84) ಚೀನಾಕ್ಕೆ ಹೋದವರಲ್ಲ. ಅಂದಿನ ಜಪಾನಿಯರಿಗೆ ಹೊರದೇಶ ಪ್ರಯಾಣ ನಿಷಿದ್ಧವಾಗಿತ್ತು. ನಾಗಸಾಕಿಗೆ ಬರುತ್ತಿದ್ದ ಪುಸ್ತಕಗಳು, ವಿಶೇಷವಾಗಿ ಮೊದಲ ಭಾಗ 1679ರಲ್ಲಿ ಚೀನಾದಲ್ಲಿ ಪ್ರಕಟವಾದ 'ಸಾಸಿವೆಕಾಳಿನ ತೋಟ' ಎಂಬ ಚಿತ್ರಕೈಪಿಡಿ, ಅವರ ಪಾಲಿನ ಚೀನಾ. ವಿದ್ವಾಂಸ-ಅಧಿಕಾರಿಗಳ ಚಿತ್ರಶೈಲಿಯನ್ನು ಅಧಿಕಾರಿಗಳಾಗದೆ, ಚಿತ್ರ ಮಾರಿ ಜೀವಿಸುತ್ತ ಅವರು ಅಂಗೀಕರಿಸಿದರು. 1771ರಲ್ಲಿ ಇಬ್ಬರೂ ಸೇರಿ ಚೀನಿ ಲೇಖಕ ಲಿ ಯುವಿನ ಕವಿತೆಗಳನ್ನಾಧರಿಸಿ ಚಿತ್ರಪುಸ್ತಕವೊಂದನ್ನು ಸಿದ್ಧಗೊಳಿಸಿದರು. ಬೆಟ್ಟದ ಬದುಕಿನ ಹತ್ತು ಅನುಕೂಲಗಳನ್ನು ತೈಗಾ ಬರೆದ. ಬುಸೊನ್ ಬರೆದ ಹತ್ತು ಸೊಗಸುಗಳು ನಾಲ್ಕು ಋತುಗಳು, ಮುಂಜಾವು, ಸಂಜೆ, ಬಿಸಿಲು, ಗಾಳಿ, ಮೋಡ, ಮಳೆಗಳಿಗೆ ಸಂಬಂಧಿಸಿದವು. ವಸ್ತು, ಕವಿತೆ, ಶೈಲಿ ಮೂರೂ ಚೀನಿ. ಹಾಯ್ಕು ಕವಿಯೂ ಆದ ಬುಸೊನ್ ಆ ಋತುಗಳನ್ನು ಮುಟ್ಟಿದಾಗ ಮಾತ್ರ ಅವು ಪಂಡಿತನ ವಿರಕ್ತಿಯ ಲಾಂಛನಗಳಾಗಿ ಉಳಿಯದೆ, ಇಂದಿನ ಹವೆಯಾಗುತ್ತವೆ.

8

ಭಾರತದಲ್ಲಿ ಈ ಎರಡು ಪರಂಪರೆಗಳು 'ದೂರಪ್ರಾಚ್ಯ ಕಲೆ' ಎಂಬ ಒಂದೇ ಹೆಸರಿನಡಿ ಪರಿಚಿತವಾಗಲು ಚಾರಿತ್ರಿಕ ಕಾರಣವಿದೆ. ಒಕಾಕುರಾ ಕಾಕುಜೊ 1902ರಲ್ಲಿ ಕಲ್ಕತ್ತೆಗೆ ಬಂದು ಠಾಕೂರ್ ಮನೆತನದ ಒಡನಾಟಕ್ಕೆ ಒದಗಿದ. ಮರುವರ್ಷ ಬಂದ ಯೊಕೊಯಾಮಾ ತೈಕಾನ್, ಹಿಶಿದಾ ಶುನ್ಸೊ ಎಂಬ ಚಿತ್ರಕಾರರಿಂದ ಅವನೀಂದ್ರನಾಥರ ಬಣ್ಣ ತೊಳೆಯುವ ತಂತ್ರಕ್ಕೆ ಪ್ರೇರಣೆ ದೊರೆಯಿತು. 1903ರಲ್ಲಿ ಪ್ರಕಟವಾದ ಒಕಾಕುರಾನ ಗ್ರಂಥ ಏಷ್ಯಾದ ಏಕತೆಯನ್ನು ಪ್ರತಿಪಾದಿಸಿ, ಏಷ್ಯಾ ನಾಗರಿಕತೆಯ ವಸ್ತುಸಂಗ್ರಹಾಲಯದ ಸ್ಥಾನವನ್ನು ಜಪಾನಿಗೆ ನೀಡಿತು. ವಸಾಹತುಶಾಹಿಯ ಕೆಳಗಿದ್ದ ನಮ್ಮವರಿಗೆ ಆ ವಿಚಾರ ಕೊಟ್ಟ ಧೈರ್ಯ ಸಣ್ಣದಲ್ಲ. ಆದರೆ ಏಷ್ಯಾದ ಹೆಸರಿನಲ್ಲಿ ಜಪಾನಿನ ಸೇನೆ ಮುಂದೆ ಚೀನಾದಲ್ಲಿ ನಡೆಸಿದ ಆಕ್ರಮಣವನ್ನು ಬಲ್ಲ ನಾವು ಇಂದು ಆ ರೂಪಕವನ್ನು ಹಾಗೆಯೇ ಒಪ್ಪಲಾರೆವು. ಚಿತ್ರಗಳ ಸಾಕ್ಷ್ಯವೂ ಅದನ್ನು ಒಪ್ಪುವುದಿಲ್ಲ. ಸಂಗ್ರಹಾಲಯ ವಸ್ತುವನ್ನು ಇದ್ದಂತೆ ಕಾಯುತ್ತದೆ. ಯೋಶಿಮಿತ್ಸು ಸುರುಳಿಯನ್ನು ಕತ್ತರಿಸಿದ. ಜಪಾನು ಚೀನಾವನ್ನು ಕಾದಿಟ್ಟಿತೆನ್ನುವುದಕ್ಕಿಂತ ಒಂದು ಚೀನಾವನ್ನು ಆರಿಸಿ, ಕತ್ತರಿಸಿ, ತನ್ನ ಕೋಣೆಯಲ್ಲಿ ಇರಿಸಿಕೊಂಡಿತೆನ್ನುವುದು ಹೆಚ್ಚು ನಿಖರ.

9

ಮಾರ್ಗ-ದೇಸಿಗಳ ಹೋಲಿಕೆಯನ್ನು ಈಗ ಪರಿಶೀಲಿಸಬಹುದು. 'ಕವಿರಾಜಮಾರ್ಗ'ಕ್ಕೆ ದಂಡಿಯ 'ಕಾವ್ಯಾದರ್ಶ' ಆಧಾರವೆಂಬುದನ್ನು ತೋರಿಸುವಲ್ಲಿ ನಮ್ಮ ವಿದ್ವತ್ತು ಬಹಳ ಶ್ರಮಿಸಿದೆ. ದಂಡಿಯಲ್ಲಿ ಯಾವುದನ್ನು ಕೈಬಿಡಲಾಯಿತು, ಯಾವುದನ್ನು ಕನ್ನಡದ ನೆಲಕ್ಕೆ ಹೊಂದಿಸಲಾಯಿತು ಎಂಬ ವಿಚಾರಣೆ ಅದಕ್ಕಿಂತ ಫಲಪ್ರದವೆಂಬುದು ಕ್ರಮೇಣ ಮನವರಿಕೆಯಾಗಿದೆ. ಪಂಪನು ವ್ಯಾಸಭಾರತವನ್ನು ಅರ್ಜುನನ ಸುತ್ತ, ಅರ್ಜುನನನ್ನು ಅರಿಕೇಸರಿಯ ಸುತ್ತ ಮರುಜೋಡಿಸಿದಾಗ ಅದೂ ಒಂದು ಬಗೆಯ ಕತ್ತರಿಸುವಿಕೆಯೇ. ಹೋಲಿಕೆ ಇಲ್ಲಿಯವರೆಗೆ ಸಲ್ಲುತ್ತದೆ. ವ್ಯತ್ಯಾಸವನ್ನೂ ಹೇಳಬೇಕು. ಸಂಸ್ಕೃತ ಕನ್ನಡ ಕವಿಗೆ ಹೊರದೇಶದ ಭಾಷೆಯಾಗಿರಲಿಲ್ಲ. ಒಬ್ಬನೇ ಕವಿ ಎರಡರಲ್ಲಿಯೂ ಸಂಚರಿಸಬಲ್ಲವನಾಗಿದ್ದ. ಸಮುದ್ರದಾಚೆಯಿಂದ, ಯಾರೋ ಆರಿಸಿ ತಂದ ಕೆಲವೇ ಪಟಗಳಲ್ಲಿ ಚೀನಾವನ್ನು ಊಹಿಸಿಕೊಳ್ಳಬೇಕಾಗಿದ್ದ ಜಪಾನಿ ಚಿತ್ರಕಾರನ ಸ್ಥಿತಿ ಬೇರೆ. ದೂರವೇ ಅವನ ಆಯ್ಕೆಗೆ ಆಕಾರ ಕೊಟ್ಟಿತು.

ಇಷ್ಟು ವಿವೇಚನೆಯಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಚೀನಿ ಚಿತ್ರ ಓದುಗರ ಸರಣಿಯಲ್ಲಿ ಬದುಕಿತು, ಜಪಾನಿ ಚಿತ್ರ ಕೋಣೆ ಮತ್ತು ಋತುಗಳ ಆವರ್ತನದಲ್ಲಿ ಬದುಕಿತು ಎಂಬ ಅಂತರ ಕುಂಚದ ತುದಿಯಲ್ಲಿ ಹುಟ್ಟಿದ್ದಲ್ಲ, ನೋಡುವವರ ನಡುವೆ ಬೆಳೆದದ್ದು. ಆದ್ದರಿಂದಲೇ ಅದು ಜನಾಂಗದ ಗುಣವೆಂದು ಹೇಳಲು ಬಾರದ, ಕಾಲಾನುಕ್ರಮದಲ್ಲಿ ಶೋಧಿಸಬಹುದಾದ ಚರಿತ್ರೆ. ಸಾಮ್ಯವನ್ನು ಗುರುತಿಸಿದೊಡನೆ ಪ್ರಭಾವವೆಂದು ಬರೆದು ಮುಂದೆ ಸಾಗುವ ಸಂಶೋಧಕ, ಮು ಛಿಯನ್ನು ಒರಟನೆಂದು ತಳ್ಳಿದವರ ಕಾರಣಗಳನ್ನೂ ಅವನನ್ನು ಕತ್ತರಿಸಿ ಪೂಜಿಸಿದವರ ಕಾರಣಗಳನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಾನೆ. ಆ ಕಾರಣಗಳನ್ನು ಹುಡುಕುವುದೇ ತೌಲನಿಕ ವಿಮರ್ಶೆಯ ಕೆಲಸ.